ಭಯದ ನೆನಪು ಮಿದುಳಿನಲ್ಲಿ ನೆಲೆಯೂರುವುದು ಹೇಗೆ? ಅದನ್ನು ಸಡಿಲಿಸಲು ಸಾಧ್ಯವೆ?

ಕೃಷ್ಣದೇವರಾಯನು ಸಾಕಲು ಕೊಟ್ಟ ಬೆಕ್ಕಿಗೆ ತೆನಾಲಿ ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನಿಟ್ಟ ಕಥೆ ಕನ್ನಡಿಗರಿಗೆ ಚಿರಪರಿಚಿತ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲಿನ ಬಟ್ಟಲು ಕಂಡೊಡನೆ ಓಟ ಕೀಳುತ್ತಿತ್ತು. ಹಾಲು ಬಿಸಿಯಾಗಿದೆಯೋ ತಣ್ಣಗಿದೆಯೋ ಎಂದು ಪರೀಕ್ಷಿಸುವ ಗೋಜಿಗೂ ಅದು ಹೋಗಲಿಲ್ಲ. ಇಲಿ, ನಾಯಿ, ಮನುಷ್ಯ ಎಂಬ ಭೇದವಿಲ್ಲದೆ ಮಿದುಳು ಹೀಗೆಯೇ ಕಲಿಯುತ್ತದೆ. ನೋವು ತಂದ ಘಟನೆಯನ್ನೂ ಆ ಹೊತ್ತಿನಲ್ಲಿ ಸುತ್ತಲಿದ್ದ ಸದ್ದು, ವಾಸನೆ, ನೋಟಗಳನ್ನೂ ಒಟ್ಟಿಗೆ ಹೆಣೆದು ಕಾಪಿಡುವ ಈ ಬಗೆಯ ಕಲಿಕೆಯ ಫಲವನ್ನು ವಿಜ್ಞಾನಿಗಳು ಭಯದ ನೆನಪು ಎಂದು ಕರೆಯುತ್ತಾರೆ.

ಭಯದ ನೆನಪು ಜೀವರಕ್ಷಕ. ಒಮ್ಮೆ ಎದುರಾದ ಅಪಾಯವನ್ನು ಎರಡನೆಯ ಸಲ ದೂರದಿಂದಲೇ ಗುರುತಿಸುವ ಪ್ರಾಣಿ ಮಾತ್ರ ಬದುಕುಳಿಯುತ್ತದೆ. ಆದರೆ ರಸ್ತೆ ಅಪಘಾತ, ಹಲ್ಲೆ, ಅತ್ಯಾಚಾರ, ಯುದ್ಧ, ಪ್ರವಾಹಗಳನ್ನು ಕಂಡುಂಡವರಲ್ಲಿ ಕೆಲವರಿಗೆ ಅಪಾಯ ಕಳೆದು ವರ್ಷಗಳಾದರೂ ಭಯ ಕಳೆಯುವುದಿಲ್ಲ. ಬ್ರೇಕಿನ ಕಿರುಚು ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ, ನಿದ್ದೆಯಲ್ಲಿ ಘಟನೆ ಮರುಕಳಿಸುತ್ತದೆ. ಆಘಾತೋತ್ತರ ಒತ್ತಡದ ಕಾಯಿಲೆ ಅಥವಾ ಪಿಟಿಎಸ್‌ಡಿ ಎನ್ನುವುದು ಇದನ್ನೇ. ಇಂಥವರ ಮಟ್ಟಿಗೆ, ಒಮ್ಮೆ ಅಚ್ಚೊತ್ತಿದ ಭಯ ಶಾಶ್ವತವೆ ಎಂಬ ಪ್ರಶ್ನೆ ಕೇವಲ ಪ್ರಯೋಗಾಲಯದ ಕುತೂಹಲವಲ್ಲ. ಇಪ್ಪತ್ತನೆಯ ಶತಮಾನದ ಬಹುಪಾಲು ವಿಜ್ಞಾನಿಗಳ ಉತ್ತರ ‘ಹೌದು’ ಎಂದಿತ್ತು. 2000ನೇ ಇಸವಿಯ ನಂತರ ಆ ಉತ್ತರ ಬದಲಾಗತೊಡಗಿತು.

ಭಯದ ಕೇಂದ್ರ: ಅಮಿಗ್ಡಲಾ

ಭಯದ ಕಲಿಕೆಯನ್ನು ಅಳೆಯುವ ವಿಧಾನ ಸರಳವಾದುದು. ಗಂಟೆಯ ಸದ್ದಿಗೆ ಜೊಲ್ಲು ಸುರಿಸುವಂತೆ ನಾಯಿಯನ್ನು ಪಳಗಿಸಿದ ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ ಅವರ ತತ್ತ್ವವೇ ಇದರ ಬುನಾದಿ. ಪಂಜರದಲ್ಲಿರುವ ಇಲಿಗೆ ಒಂದು ಸದ್ದನ್ನು ಕೇಳಿಸಿ, ಅದರ ಕೊನೆಯಲ್ಲಿ ಕಾಲಿಗೆ ಲಘುವಾದ ವಿದ್ಯುತ್ ಆಘಾತ ಕೊಡಲಾಗುತ್ತದೆ. ಮರುದಿನ ಆಘಾತವಿಲ್ಲದೆ ಸದ್ದು ಮಾತ್ರ ಕೇಳಿದರೂ ಇಲಿ ಕಲ್ಲಿನಂತೆ ಅಲುಗಾಡದೆ ನಿಂತುಬಿಡುತ್ತದೆ. ಹೀಗೆ ಮರಗಟ್ಟಿ ನಿಲ್ಲುವ ಅವಧಿಯೇ ಭಯದ ಅಳತೆಗೋಲು.

ಈ ಹೆಣಿಗೆ ನಡೆಯುವ ಮುಖ್ಯ ಸ್ಥಳ ಅಮಿಗ್ಡಲಾ. ಕಿವಿಗಳಿಗೆ ನೇರವಾಗಿ, ಮಿದುಳಿನ ಎರಡೂ ಪಾರ್ಶ್ವಗಳ ಒಳಭಾಗದಲ್ಲಿ ಹುದುಗಿರುವ ಬಾದಾಮಿ ಆಕಾರದ ನರಕೋಶಗಳ ಗುಂಪು ಇದು. ಸದ್ದಿನ ಸಂದೇಶ ಮತ್ತು ನೋವಿನ ಸಂದೇಶಗಳು ಇದರ ಪಾರ್ಶ್ವಭಾಗದಲ್ಲಿ ಬಂದು ಸೇರುತ್ತವೆ. ಘಟನೆ ಎಲ್ಲಿ, ಯಾವಾಗ, ಹೇಗೆ ನಡೆಯಿತು ಎಂಬ ವಿವರಗಳನ್ನು ದಾಖಲಿಸುವ ಕೆಲಸ ಪಕ್ಕದ ಹಿಪ್ಪೊಕ್ಯಾಂಪಸ್‌ನದು.

ಈ ಎರಡು ಬಗೆಯ ನೆನಪುಗಳು ಬೇರೆಬೇರೆಯಾಗಿ ಉಳಿಯಬಲ್ಲವು ಎಂಬುದಕ್ಕೆ ಜಿನೀವಾದ ಎಡ್ವರ್ಡ್ ಕ್ಲಾಪರೇದ್ 1911ರಲ್ಲಿ ವರದಿ ಮಾಡಿದ ಪ್ರಸಂಗ ಪ್ರಸಿದ್ಧ ನಿದರ್ಶನ. ಹೊಸ ನೆನಪುಗಳನ್ನು ಉಳಿಸಿಕೊಳ್ಳಲಾಗದ ರೋಗಿಯೊಬ್ಬಳ ಕೈ ಕುಲುಕುವಾಗ ಆತ ಬೆರಳುಗಳ ನಡುವೆ ಗುಂಡುಸೂಜಿ ಅಡಗಿಸಿಟ್ಟು ಚುಚ್ಚಿದ. ಆ ಘಟನೆ ಆಕೆಯ ನೆನಪಿನಿಂದ ಅಳಿಸಿಹೋಯಿತು. ಆದರೆ ಮತ್ತೆ ಕೈ ಚಾಚಿದಾಗ ಆಕೆ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಕಾರಣ ಹೇಳಲು ಆಕೆಗೆ ತಿಳಿಯದಿದ್ದರೂ ಅಂಜಿಕೆ ಉಳಿದಿತ್ತು.

ನರಸಂಧಿಯ ರಸಾಯನ

ಒಂದು ನರಕೋಶವು ಇನ್ನೊಂದಕ್ಕೆ ಸಂದೇಶ ಮುಟ್ಟಿಸುವುದು ಅವೆರಡರ ನಡುವಿನ ಅತಿ ಕಿರಿದಾದ ಸಂಧಿಯಲ್ಲಿ ಬಿಡುಗಡೆಯಾಗುವ ರಾಸಾಯನಿಕಗಳ ಮೂಲಕ. ಇವುಗಳಲ್ಲಿ ಗ್ಲುಟಮೇಟ್ ಪ್ರಮುಖವಾದುದು. ಸದ್ದು ಮತ್ತು ಆಘಾತ ಒಟ್ಟಿಗೆ ಬಂದಾಗ ಅಮಿಗ್ಡಲಾದ ಕೋಶಗಳ ಮೇಲಿರುವ ಎನ್‌ಎಂಡಿಎ ಎಂಬ ಗ್ರಾಹಕಗಳು ತೆರೆದುಕೊಳ್ಳುತ್ತವೆ. ಈ ಗ್ರಾಹಕವನ್ನು ಎರಡು ಕೀಲಿಗಳ ಬೀಗಕ್ಕೆ ಹೋಲಿಸಬಹುದು. ಗ್ಲುಟಮೇಟ್ ಬಂದು ತಟ್ಟಿದರಷ್ಟೇ ಸಾಲದು, ಅದೇ ಕ್ಷಣದಲ್ಲಿ ಕೋಶ ಬೇರೆ ಸಂದೇಶದಿಂದ ಉದ್ದೀಪನಗೊಂಡಿರಬೇಕು. ಎರಡೂ ಕೂಡಿದಾಗ ಮಾತ್ರ ಕ್ಯಾಲ್ಸಿಯಂ ಒಳನುಗ್ಗುತ್ತದೆ.

ಒಳಬಂದ ಕ್ಯಾಲ್ಸಿಯಂ ಕಿಣ್ವಗಳ ಸರಪಳಿಯೊಂದನ್ನು ಎಬ್ಬಿಸುತ್ತದೆ. ಮೊದಲ ನಿಮಿಷಗಳಲ್ಲಿ ಇರುವ ಗ್ರಾಹಕಗಳೇ ಚುರುಕುಗೊಂಡು ಸಂಧಿ ತಾತ್ಕಾಲಿಕವಾಗಿ ಬಲಗೊಳ್ಳುತ್ತದೆ. ಮುಂದಿನ ಕೆಲವು ಗಂಟೆಗಳಲ್ಲಿ ಕ್ರೆಬ್ ಎಂಬ ಪ್ರೋಟೀನು ಕೋಶಕೇಂದ್ರದ ವಂಶವಾಹಿಗಳನ್ನು ಚಾಲೂ ಮಾಡಿ ಹೊಸ ಪ್ರೋಟೀನುಗಳನ್ನು ತಯಾರಿಸುತ್ತದೆ. ಇವು ಸಂಧಿಯ ರಚನೆಯನ್ನೇ ಬದಲಿಸಿ ನೆನಪನ್ನು ದೀರ್ಘಕಾಲಿಕವಾಗಿಸುತ್ತವೆ. ಹಸಿ ಗೋಡೆ ಒಣಗಿ ಗಟ್ಟಿಯಾಗುವಂತಿರುವ ಈ ಪ್ರಕ್ರಿಯೆಗೆ ದೃಢೀಕರಣ ಎಂದು ಹೆಸರು. ಹೊಸ ನೆನಪು ಗಟ್ಟಿಯಾಗಲು ಸಮಯ ಬೇಕು ಎಂಬ ಕಲ್ಪನೆಯನ್ನು ಜರ್ಮನಿಯ ಮ್ಯೂಲರ್ ಮತ್ತು ಪಿಲ್ಟ್‌ಸೆಕರ್ 1900ರಲ್ಲಿಯೇ ಮಂಡಿಸಿದ್ದರು. ಕಲಿಕೆಯ ಬೆನ್ನಲ್ಲೇ ಪ್ರೋಟೀನು ತಯಾರಿಕೆಯನ್ನು ತಡೆದರೆ ದೀರ್ಘಕಾಲಿಕ ನೆನಪು ಮೂಡುವುದಿಲ್ಲ ಎಂಬುದು 1960ರ ದಶಕದಲ್ಲಿ ಇಲಿ ಮತ್ತು ಹೊಂಬಣ್ಣದ ಮೀನುಗಳ ಮೇಲಿನ ಪ್ರಯೋಗಗಳಿಂದ ತಿಳಿದುಬಂತು.

ಒತ್ತಡದ ಹಾರ್ಮೋನುಗಳ ಮೊಹರು

ನಿನ್ನೆ ಮಧ್ಯಾಹ್ನ ಉಂಡದ್ದು ಮರೆತುಹೋಗುತ್ತದೆ, ಹತ್ತು ವರ್ಷದ ಹಿಂದಿನ ಅಪಘಾತ ಮರೆಯುವುದಿಲ್ಲ. ಈ ತಾರತಮ್ಯಕ್ಕೆ ಒತ್ತಡದ ಹಾರ್ಮೋನುಗಳು ಕಾರಣ. ಗಾಬರಿಯಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಸ್ರವಿಸುತ್ತವೆ. ಮಿದುಳಿನ ಒಳಗೆ ನಾರ್‌ಅಡ್ರಿನಲಿನ್ ಮಟ್ಟ ಏರುತ್ತದೆ. ಅಮಿಗ್ಡಲಾದಲ್ಲಿರುವ ಬೀಟಾ ಗ್ರಾಹಕಗಳಿಗೆ ಅದು ತಗುಲಿದಾಗ ‘ಇದು ಮಹತ್ವದ್ದು, ಭದ್ರವಾಗಿಡು’ ಎಂಬ ಮೊಹರು ಬಿದ್ದಂತಾಗುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯ ಜೇಮ್ಸ್ ಮೆಕ್‌ಗಾ ಈ ವಿಷಯದಲ್ಲಿ ದಶಕಗಳ ಕಾಲ ಸಂಶೋಧನೆ ನಡೆಸಿದವರು. ಅವರ ಮತ್ತು ಲ್ಯಾರಿ ಕ್ಯಾಹಿಲ್ ಅವರ ತಂಡ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಸ್ವಯಂಸೇವಕರಿಗೆ ಬೀಟಾ ಗ್ರಾಹಕಗಳನ್ನು ತಡೆಯುವ ಪ್ರೊಪ್ರನೊಲಾಲ್ ಮಾತ್ರೆಯನ್ನೂ ಉಳಿದವರಿಗೆ ಹುಸಿಮಾತ್ರೆಯನ್ನೂ ಕೊಟ್ಟು, ಬಾಲಕನೊಬ್ಬ ಭೀಕರ ಅಪಘಾತಕ್ಕೆ ಸಿಲುಕುವ ಕಥೆಯನ್ನು ಚಿತ್ರಗಳೊಡನೆ ಹೇಳಲಾಯಿತು. ವಾರದ ಬಳಿಕ ಪರೀಕ್ಷಿಸಿದಾಗ, ಹುಸಿಮಾತ್ರೆ ಪಡೆದವರಿಗೆ ಕಥೆಯ ಭಾವತೀವ್ರ ಭಾಗ ಹೆಚ್ಚು ಚೆನ್ನಾಗಿ ನೆನಪಿತ್ತು. ಪ್ರೊಪ್ರನೊಲಾಲ್ ಪಡೆದವರಲ್ಲಿ ಆ ಹೆಚ್ಚುವರಿ ನೆನಪು ಕಾಣಲಿಲ್ಲ. ಕಥೆಯ ಸಾಮಾನ್ಯ ಭಾಗಗಳ ನೆನಪಿನಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ.

ಕಾರ್ಟಿಸಾಲ್ ಪಾತ್ರ ಇಷ್ಟು ನೇರವಲ್ಲ. ಅದು ಹೊಸ ನೆನಪನ್ನು ಗಟ್ಟಿಗೊಳಿಸಲು ನೆರವಾಗುತ್ತದೆ, ಆದರೆ ಹಳೆಯ ನೆನಪನ್ನು ಹೊರತೆಗೆಯಲು ಅಡ್ಡಿಯಾಗುತ್ತದೆ. ಪರೀಕ್ಷಾ ಕೊಠಡಿಯ ಆತಂಕದಲ್ಲಿ ಓದಿದ್ದು ಮರೆತುಹೋಗಿ, ಆ ಆತಂಕ ಮಾತ್ರ ವರ್ಷಗಟ್ಟಲೆ ನೆನಪಿನಲ್ಲುಳಿಯುವುದನ್ನು ಇದರ ಬೆಳಕಿನಲ್ಲಿ ಅರ್ಥಮಾಡಿಕೊಳ್ಳಬಹುದು.

ಬೆಂಗಳೂರಿನ ಪ್ರಯೋಗಾಲಯಗಳ ಕಾಣಿಕೆ

ಒತ್ತಡವು ಅಮಿಗ್ಡಲಾದ ಸ್ವರೂಪವನ್ನೇ ಬದಲಿಸುತ್ತದೆ ಎಂಬ ಮಹತ್ವದ ಸಂಗತಿ ಬೆಳಕಿಗೆ ಬಂದದ್ದು ಬೆಂಗಳೂರಿನಲ್ಲಿ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಅವರ ತಂಡ ಮತ್ತು ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಸೇರಿ 2002ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ದಿನವೂ ಒತ್ತಡಕ್ಕೆ ಒಳಗಾದ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಕುಗ್ಗಿದವು. ಅದೇ ಇಲಿಗಳ ಅಮಿಗ್ಡಲಾದಲ್ಲಿ ಕವಲುಗಳು ಬೆಳೆದು ಹರಡಿದವು. ಒತ್ತಡ ನಿಲ್ಲಿಸಿ 21 ದಿನ ಕಳೆದ ಮೇಲೆ ಹಿಪ್ಪೊಕ್ಯಾಂಪಸ್ ಚೇತರಿಸಿಕೊಂಡರೂ ಅಮಿಗ್ಡಲಾದ ಬೆಳವಣಿಗೆ ಹಾಗೆಯೇ ಉಳಿದಿತ್ತು. ಅಂದರೆ, ಘಟನೆಯ ವಿವರಗಳನ್ನು ಅಳೆದು ತೂಗುವ ಭಾಗ ಸೊರಗುವ ಹೊತ್ತಿನಲ್ಲಿಯೇ ಅಂಜುವ ಭಾಗ ಕೊಬ್ಬುತ್ತದೆ.

ಇದೇ ತಂಡದ 2005ರ ಅಧ್ಯಯನದಲ್ಲಿ ಎರಡು ಗಂಟೆಗಳ ಒಂದೇ ಒಂದು ಒತ್ತಡದ ಅನುಭವ, ಹತ್ತು ದಿನಗಳ ನಂತರ ಅಮಿಗ್ಡಲಾದಲ್ಲಿ ಹೊಸ ನರಸಂಪರ್ಕಗಳನ್ನು ಹುಟ್ಟಿಸಿದ್ದು ಕಂಡುಬಂತು. ಆಘಾತದ ಲಕ್ಷಣಗಳು ಕೆಲವರಲ್ಲಿ ಘಟನೆ ನಡೆದ ಕೂಡಲೇ ಕಾಣಿಸದೆ ತಡವಾಗಿ ತಲೆಯೆತ್ತುವುದಕ್ಕೆ ಇದು ಒಂದು ಸುಳಿವು. ಭಯ ಹೆಚ್ಚಾದಾಗ ಅಮಿಗ್ಡಲಾದ ಕೋಶಗಳು ಅಪಾಯದ ಸದ್ದನ್ನೂ ನಿರುಪದ್ರವಿ ಸದ್ದನ್ನೂ ಬೇರ್ಪಡಿಸಲಾಗದೆ ಎರಡಕ್ಕೂ ಒಂದೇ ಬಗೆಯಲ್ಲಿ ಸ್ಪಂದಿಸುತ್ತವೆ ಎಂಬುದನ್ನು ಚಟರ್ಜಿ ಮತ್ತು ಸುಪ್ರಿಯ ಘೋಷ್ 2015ರಲ್ಲಿ ತೋರಿಸಿದರು. ಹಾವು ಕಂಡವನಿಗೆ ಹಗ್ಗವೂ ಹಾವಾಗುವ ಕ್ರಿಯೆ ನರಕೋಶದ ಮಟ್ಟದಲ್ಲಿಯೇ ನಡೆಯುತ್ತದೆ.

ನೆನೆದಾಗ ಸಡಿಲಗೊಳ್ಳುವ ನೆನಪು

ಒಮ್ಮೆ ಗಟ್ಟಿಯಾದ ನೆನಪನ್ನು ಮತ್ತೆ ಅಲುಗಾಡಿಸಲಾಗದು ಎಂಬುದು ಬಹುಕಾಲದ ನಂಬಿಕೆಯಾಗಿತ್ತು. 1968ರಲ್ಲಿ ಅಮೆರಿಕದ ಮಿಸಾನಿನ್, ಮಿಲ್ಲರ್ ಮತ್ತು ಲೂಯಿಸ್ ಇದಕ್ಕೆ ಅಪವಾದವನ್ನು ಕಂಡಿದ್ದರು. ಹಿಂದಿನ ದಿನ ಕಲಿತ ಭಯವನ್ನು ಇಲಿಗಳಿಗೆ ನೆನಪಿಸಿ, ಆ ಬೆನ್ನಲ್ಲೇ ಮಿದುಳಿಗೆ ವಿದ್ಯುತ್ ಆಘಾತ ಕೊಟ್ಟಾಗ ಆ ಭಯ ಮಾಸಿತು. ನೆನಪಿಸದೆ ಆಘಾತ ಕೊಟ್ಟರೆ ಏನೂ ಆಗಲಿಲ್ಲ. ಆದರೆ ಈ ಫಲಿತಾಂಶ ಮುಂದಿನ ಮೂರು ದಶಕ ಬಹುಮಟ್ಟಿಗೆ ಮೂಲೆಗುಂಪಾಯಿತು.

2000ದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕರೀಮ್ ನಾದರ್, ಗ್ಲೆನ್ ಶಾಫ್ ಮತ್ತು ಜೋಸೆಫ್ ಲೆಡೂ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಚಿತ್ರವನ್ನು ಬದಲಿಸಿತು. ಅವರು ಇಲಿಗಳಿಗೆ ಸದ್ದಿನ ಭಯ ಕಲಿಸಿ, ಮರುದಿನ ಆ ಸದ್ದನ್ನು ಒಮ್ಮೆ ಕೇಳಿಸಿ, ಕೂಡಲೇ ಅಮಿಗ್ಡಲಾದೊಳಗೆ ಪ್ರೋಟೀನು ತಯಾರಿಕೆಯನ್ನು ತಡೆಯುವ ಅನಿಸೊಮೈಸಿನ್ ಚುಚ್ಚಿದರು. ನಾಲ್ಕು ಗಂಟೆಗಳ ಬಳಿಕ ಭಯ ಹಾಗೆಯೇ ಇತ್ತು. ಮರುದಿನದ ವೇಳೆಗೆ ಗಣನೀಯವಾಗಿ ಕುಂದಿತ್ತು. ಕಲಿಕೆಯಾಗಿ 14 ದಿನಗಳಾದ ನಂತರವೂ ಇದೇ ಫಲ ದೊರೆಯಿತು. ಸದ್ದು ಕೇಳಿಸದೆ ಔಷಧ ಕೊಟ್ಟಾಗಲೂ, ಸದ್ದು ಕೇಳಿಸಿ ಆರು ಗಂಟೆ ತಡೆದು ಕೊಟ್ಟಾಗಲೂ ಭಯ ಕುಂದಲಿಲ್ಲ.

ಇದರ ಅರ್ಥ ಇಷ್ಟು: ನೆನಪನ್ನು ಹೊರತೆಗೆದಾಗ ಅದು ಕೆಲವು ಗಂಟೆಗಳ ಕಾಲ ಮತ್ತೆ ಹಸಿಯಾಗುತ್ತದೆ. ಉಳಿಯಬೇಕಾದರೆ ಅದು ಹೊಸ ಪ್ರೋಟೀನುಗಳಿಂದ ಮರಳಿ ಕಟ್ಟಲ್ಪಡಬೇಕು. ಈ ಮರುಕಟ್ಟುವಿಕೆಗೆ ಪುನರ್ದೃಢೀಕರಣ ಎಂಬ ಹೆಸರು ಬಳಕೆಯಲ್ಲಿದೆ. ಇದು ಮಿದುಳಿನ ದೋಷವಲ್ಲ. ಹಳೆಯ ನೆನಪಿಗೆ ಹೊಸ ಮಾಹಿತಿಯನ್ನು ಸೇರಿಸಿ ಕಾಲಕ್ಕೆ ತಕ್ಕಂತೆ ತಿದ್ದಿಕೊಳ್ಳಲು ಪ್ರಕೃತಿ ಇಟ್ಟಿರುವ ಕಿಂಡಿ ಎಂದೇ ಅನೇಕ ತಜ್ಞರು ಭಾವಿಸುತ್ತಾರೆ.

ಬಿಚ್ಚುವುದಕ್ಕೂ ರಸಾಯನ ಬೇಕು

ನೆನಪು ತಾನಾಗಿ ಸಡಿಲಗೊಳ್ಳುವುದಿಲ್ಲ, ಅದನ್ನು ಬಿಚ್ಚುವ ಪ್ರತ್ಯೇಕ ವ್ಯವಸ್ಥೆಯಿದೆ. ಅಮಿಗ್ಡಲಾದ ಒಂದು ಬಗೆಯ ಎನ್‌ಎಂಡಿಎ ಗ್ರಾಹಕಗಳನ್ನು ಮೊದಲೇ ತಡೆದರೆ ನೆನಪು ಸಡಿಲಗೊಳ್ಳುವುದೇ ಇಲ್ಲ, ಆಮೇಲೆ ಕೊಟ್ಟ ಅನಿಸೊಮೈಸಿನ್ ನಿಷ್ಫಲವಾಗುತ್ತದೆ ಎಂಬುದನ್ನು ನಾದರ್ ತಂಡ 2006ರಲ್ಲಿ ತೋರಿಸಿತು. 2008ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು, ನೆನಪು ಮರುಕಳಿಸಿದಾಗ ನರಸಂಧಿಯ ಹಳೆಯ ಪ್ರೋಟೀನುಗಳನ್ನು ಕೋಶದ ತ್ಯಾಜ್ಯ ವಿಲೇವಾರಿ ವ್ಯವಸ್ಥೆಯಾದ ಪ್ರೋಟಿಯಸೋಮ್ ಒಡೆದುಹಾಕುವುದನ್ನು ಕಂಡುಹಿಡಿದರು. ಹಳೆಯ ಗಾರೆಯನ್ನು ಕೆರೆದ ಮೇಲೆಯೇ ಹೊಸ ಗಾರೆ ಹಿಡಿಯುವಂತೆ ಇಲ್ಲಿಯೂ ಕೆಡಹುವ ಮತ್ತು ಕಟ್ಟುವ ಕೆಲಸಗಳು ಒಂದರ ಹಿಂದೊಂದು ನಡೆಯುತ್ತವೆ.

ಕಿಂಡಿ ಯಾವಾಗಲೂ ತೆರೆಯುವುದೆಂದೂ ಇಲ್ಲ. ನೆನಪಿಸುವ ಕ್ಷಣದಲ್ಲಿ ನಿರೀಕ್ಷೆಗೂ ವಾಸ್ತವಕ್ಕೂ ಸ್ವಲ್ಪ ಅಂತರವಿರಬೇಕು. ಎಲ್ಲವೂ ಎಣಿಸಿದಂತೆಯೇ ನಡೆದರೆ ಮಿದುಳು ಹಳೆಯ ದಾಖಲೆಯನ್ನು ತೆರೆಯುವುದಿಲ್ಲ. ಹಳೆಯದಾದ ಮತ್ತು ಅತಿ ತೀವ್ರವಾದ ನೆನಪುಗಳು ಸುಲಭವಾಗಿ ಸಡಿಲಗೊಳ್ಳುವುದಿಲ್ಲ. ವೈದ್ಯರ ಬಳಿಗೆ ಬರುವ ರೋಗಿಗಳ ನೆನಪುಗಳು ಸಾಮಾನ್ಯವಾಗಿ ಇಂಥವೇ ಆಗಿರುವುದು ಈ ಕ್ಷೇತ್ರದ ದೊಡ್ಡ ತೊಡಕು.

ನೆನಪಿಸುವ ಅವಧಿಯೂ ನಿರ್ಣಾಯಕ. ಚಿಕ್ಕ ಅವಧಿಗೆ ನೆನಪಿಸಿದರೆ ಹಳೆಯ ನೆನಪು ಸಡಿಲಗೊಳ್ಳುತ್ತದೆ. ಅಪಾಯವಿಲ್ಲದೆ ದೀರ್ಘಕಾಲ ನೆನಪಿಸಿದರೆ ‘ಈಗ ಭಯವಿಲ್ಲ’ ಎಂಬ ಇನ್ನೊಂದು ಹೊಸ ಕಲಿಕೆ ಶುರುವಾಗುತ್ತದೆ. ಮನೋವೈದ್ಯರು ಬಹುಕಾಲದಿಂದ ನೀಡುತ್ತ ಬಂದಿರುವ, ರೋಗಿಯನ್ನು ಭಯದ ವಸ್ತುವಿಗೆ ಹಂತಹಂತವಾಗಿ ಒಡ್ಡುವ ಚಿಕಿತ್ಸೆ ನಿಂತಿರುವುದು ಈ ಎರಡನೆಯ ಕಲಿಕೆಯ ಮೇಲೆ. ಮಿದುಳಿನ ಮುಂಭಾಗದ ತೊಗಟೆ ಅಮಿಗ್ಡಲಾಕ್ಕೆ ಕಡಿವಾಣ ಹಾಕುವುದರಿಂದ ಭಯ ತಗ್ಗುತ್ತದೆ. ಆದರೆ ಮೂಲ ನೆನಪು ಕೆಳಗೆ ಹಾಗೆಯೇ ಉಳಿದಿರುವುದರಿಂದ ಹೊಸ ಒತ್ತಡ ಬಂದಾಗ ಅಥವಾ ಪರಿಸರ ಬದಲಾದಾಗ ಭಯ ಮರಳಬಹುದು.

ಕ್ಷಯರೋಗಕ್ಕೆ ಬಳಸುವ ಡಿ-ಸೈಕ್ಲೊಸೆರೀನ್ ಎನ್‌ಎಂಡಿಎ ಗ್ರಾಹಕಗಳಿಗೆ ಇಂಬು ಕೊಟ್ಟು ಇಂಥ ಕಲಿಕೆಗೆ ನೆರವಾಗಬಲ್ಲದು. 2004ರಲ್ಲಿ ಎತ್ತರದ ಭಯವಿದ್ದ 28 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ ಭರವಸೆ ಮೂಡಿಸಿತು. ನಂತರದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದಾಗ ಲಾಭ ಅಲ್ಪವೆಂದು ಕಂಡುಬಂತು. ನೆನಪು ಸಡಿಲಗೊಂಡ ಹೊತ್ತಿನಲ್ಲಿ ಇದೇ ಔಷಧ ಭಯವನ್ನು ಇನ್ನಷ್ಟು ಗಟ್ಟಿಗೊಳಿಸಬಲ್ಲದು ಎಂದು ಇಲಿಗಳ ಮೇಲಿನ ಪ್ರಯೋಗ ಎಚ್ಚರಿಸಿದೆ.

ಮನುಷ್ಯರ ಮೇಲಿನ ಪ್ರಯೋಗಗಳು

ಅನಿಸೊಮೈಸಿನ್ ವಿಷಕಾರಿಯಾದ್ದರಿಂದ ಮನುಷ್ಯರಿಗೆ ಕೊಡುವಂತಿಲ್ಲ. ಹೀಗಾಗಿ ಸಂಶೋಧಕರು ಮತ್ತೆ ಪ್ರೊಪ್ರನೊಲಾಲ್‌ನತ್ತ ತಿರುಗಿದರು. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ರೂಪಿಸಿದ ಈ ಔಷಧ ರಕ್ತದೊತ್ತಡ, ಮೈಗ್ರೇನ್, ಕೈನಡುಕಗಳಿಗೆ ಬಳಕೆಯಲ್ಲಿದೆ. ಬ್ಲ್ಯಾಕ್ 1988ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಮೆರೆಲ್ ಕಿಂಟ್ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ವಯಂಸೇವಕರಿಗೆ ಜೇಡದ ಚಿತ್ರದೊಡನೆ ಲಘು ಆಘಾತ ನೀಡಲಾಯಿತು. ಮರುದಿನ 40 ಮಿಲಿಗ್ರಾಂ ಪ್ರೊಪ್ರನೊಲಾಲ್ ಕೊಟ್ಟು ಆ ಚಿತ್ರವನ್ನು ಮತ್ತೆ ತೋರಿಸಲಾಯಿತು. ಮೂರನೆಯ ದಿನ ಚಿತ್ರ ಕಂಡಾಗ ಬೆಚ್ಚಿಬೀಳುವ ಪ್ರತಿಕ್ರಿಯೆ ಅವರಲ್ಲಿ ಇರಲಿಲ್ಲ. ಆದರೆ ಈ ಚಿತ್ರದ ಬಳಿಕ ಆಘಾತ ಬರಬಹುದು ಎಂಬ ತಿಳಿವಳಿಕೆ ಮಾಸಿರಲಿಲ್ಲ. ಕ್ಲಾಪರೇದ್‌ನ ರೋಗಿಯಲ್ಲಿ ಅರಿವು ಅಳಿದು ಅಂಜಿಕೆ ಉಳಿದಿದ್ದರೆ, ಇಲ್ಲಿ ಅಂಜಿಕೆ ಅಳಿದು ಅರಿವು ಉಳಿದಿತ್ತು. 2015ರಲ್ಲಿ ಮಾರಿಕೆ ಸೂಟರ್ ಮತ್ತು ಕಿಂಟ್, ಜೇಡದ ವಿಪರೀತ ಭಯವಿದ್ದ 45 ಮಂದಿಯನ್ನು ಆಯ್ದುಕೊಂಡರು. ಅವರಲ್ಲಿ ಎರಡು ನಿಮಿಷ ದೊಡ್ಡ ಜೇಡದ ಎದುರು ನಿಂತು ಬಳಿಕ ಒಂದು ಮಾತ್ರೆ ಪಡೆದವರ ಭಯ ಗಣನೀಯವಾಗಿ ಇಳಿದು, ವರ್ಷದ ನಂತರವೂ ಹಾಗೆಯೇ ಇತ್ತು.

ಕೆನಡಾದ ಆಲೆನ್ ಬ್ರೂನೆ ತಂಡವು ದೀರ್ಘಕಾಲದ ಪಿಟಿಎಸ್‌ಡಿಯಿಂದ ಬಳಲುತ್ತಿದ್ದ 60 ಮಂದಿಯ ಮೇಲೆ ನಡೆಸಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ವಾರಕ್ಕೊಮ್ಮೆಯಂತೆ ಆರು ವಾರ, ಮಾತ್ರೆ ಸೇವಿಸಿದ ಬಳಿಕ ರೋಗಿಗಳು ತಮ್ಮ ಅನುಭವವನ್ನು ಬರೆದು ಓದಿದರು. ಹುಸಿಮಾತ್ರೆ ಪಡೆದವರಿಗಿಂತ ಇವರ ಲಕ್ಷಣಗಳು ಹೆಚ್ಚು ಇಳಿದವು.

ಎಲ್ಲ ಪ್ರಯೋಗಗಳೂ ಹೀಗೆ ಸಫಲವಾಗಿಲ್ಲ. ಹಾರ್ವರ್ಡ್‌ನ ರೋಜರ್ ಪಿಟ್‌ಮನ್ ಸೇರಿದ್ದ ತಂಡ 2015ರಲ್ಲಿ ಪ್ರಕಟಿಸಿದ ಮೂರು ಅಧ್ಯಯನಗಳಲ್ಲಿ, ನೆನಪಿಸುವ ಹೊತ್ತಿಗೆ ನೀಡಿದ ಔಷಧಗಳಿಂದ ಪಿಟಿಎಸ್‌ಡಿ ರೋಗಿಗಳ ದೈಹಿಕ ಪ್ರತಿಕ್ರಿಯೆ ತಗ್ಗಲಿಲ್ಲ. ಔಷಧವಿಲ್ಲದೆ, ನೆನಪು ಸಡಿಲಗೊಂಡ ಅವಧಿಯಲ್ಲಿ ನಿರ್ಭಯದ ಕಲಿಕೆ ನೀಡಿ ಭಯದ ಮರುಕಳಿಕೆ ತಡೆಯಬಹುದು ಎಂದು ಡ್ಯಾನಿಯೆಲಾ ಶಿಲ್ಲರ್ ಮತ್ತು ಸಂಗಡಿಗರು 2010ರಲ್ಲಿ ವರದಿ ಮಾಡಿದ್ದರು. ಅದನ್ನು ಯಥಾವತ್ತಾಗಿ ಪುನರಾವರ್ತಿಸಲು 2020ರಲ್ಲಿ ಬೆಲ್ಜಿಯಂನ ಸಂಶೋಧಕರು ನಡೆಸಿದ ಯತ್ನ ಫಲಿಸಲಿಲ್ಲ. ಕಿಂಡಿ ತೆರೆದಿದೆಯೇ ಇಲ್ಲವೇ ಎಂದು ಹೊರಗಿನಿಂದ ತೋರಿಸಿಕೊಡುವ ಪರೀಕ್ಷೆ ಯಾವುದೂ ಇಲ್ಲದಿರುವುದು ಈ ಗೊಂದಲಕ್ಕೆ ಒಂದು ಮುಖ್ಯ ಕಾರಣ.

ಅಳಿಸಬೇಕೆ, ಆರಿಸಬೇಕೆ?

ನೆನಪಿಗೆ ಕೈಹಾಕುವುದು ಸರಿಯೆ ಎಂಬ ನೈತಿಕ ಪ್ರಶ್ನೆಯೂ ಜೊತೆಗಿದೆ. ಅಮೆರಿಕದ ಅಧ್ಯಕ್ಷರಿಗೆ ಸಲಹೆ ನೀಡುತ್ತಿದ್ದ ಜೈವಿಕ ನೀತಿಶಾಸ್ತ್ರ ಮಂಡಳಿ 2003ರ ವರದಿಯಲ್ಲಿ, ನೆನಪಿನ ಮೊನಚು ತೆಗೆಯುವ ಔಷಧಗಳು ತಪ್ಪಿತಸ್ಥನ ಪಶ್ಚಾತ್ತಾಪವನ್ನೂ ಸಾಕ್ಷಿಯ ನೈತಿಕ ಆಕ್ರೋಶವನ್ನೂ ಮಂಕಾಗಿಸಬಹುದು ಎಂಬ ಕಳವಳ ವ್ಯಕ್ತಪಡಿಸಿತ್ತು. ದೌರ್ಜನ್ಯಕ್ಕೆ ಒಳಗಾದವರ ನೆನಪು ನ್ಯಾಯಾಲಯದಲ್ಲಿ ಸಾಕ್ಷ್ಯವೂ ಆಗಿರುವುದರಿಂದ ಈ ಆತಂಕವನ್ನು ತಳ್ಳಿಹಾಕುವಂತಿಲ್ಲ. ಆದರೆ ಮನುಷ್ಯರಲ್ಲಿ ಈವರೆಗೆ ಕಂಡಿರುವುದು ಘಟನೆಯ ವಿವರ ಉಳಿದು ಅದರ ಉರಿ ತಗ್ಗುವ ಸಾಧ್ಯತೆಯನ್ನೇ ಹೊರತು ಇಡೀ ಅಧ್ಯಾಯ ಅಳಿಸಿಹೋಗುವುದನ್ನಲ್ಲ. ನಿದ್ದೆಗೆಟ್ಟು ನರಳುವ ವ್ಯಕ್ತಿಗೆ ಬೇಕಾಗಿರುವುದೂ ಅಷ್ಟೇ.

ಸದ್ಯ ಭಯದ ನೆನಪನ್ನು ಅಳಿಸಲೆಂದು ಅನುಮೋದನೆ ಪಡೆದ ಔಷಧ ಯಾವುದೂ ಇಲ್ಲ. ಆಘಾತಕ್ಕೆ ಕೇಂದ್ರಿತವಾದ ಮನೋಚಿಕಿತ್ಸೆ ಮತ್ತು ಅಗತ್ಯವಿದ್ದಾಗ ಸರ್ಟ್ರಲಿನ್, ಪ್ಯಾರೊಕ್ಸೆಟಿನ್‌ನಂಥ ಖಿನ್ನತೆ ನಿವಾರಕಗಳೇ ಪಿಟಿಎಸ್‌ಡಿಗೆ ಸ್ಥಾಪಿತ ದಾರಿ. ಪ್ರೊಪ್ರನೊಲಾಲ್ ಸುಲಭವಾಗಿ ಸಿಗುವ ಮಾತ್ರೆಯೆಂದು ಯಾರೂ ತಾವಾಗಿ ಸೇವಿಸಬಾರದು. ಅಸ್ತಮಾ ಇರುವವರಿಗೆ ಅದು ಉಸಿರಾಟದ ತೀವ್ರ ತೊಂದರೆ ತರಬಲ್ಲದು, ಹೃದಯ ಬಡಿತ ನಿಧಾನವಿರುವವರಿಗೂ ಅಪಾಯಕಾರಿ. ಮೇಲಾಗಿ, ಆಸರೆಯಿಲ್ಲದೆ ಕಹಿ ನೆನಪನ್ನು ಪದೇ ಪದೇ ಕೆದಕಿದರೆ ಭಯ ತಗ್ಗುವ ಬದಲು ಮತ್ತಷ್ಟು ಬೇರೂರಬಹುದು.

ಆಘಾತದ ನಂತರ ತಿಂಗಳು ಕಳೆದರೂ ದುಃಸ್ವಪ್ನ, ಬೆಚ್ಚಿಬೀಳುವಿಕೆ, ಘಟನೆಯನ್ನು ನೆನಪಿಸುವ ಸ್ಥಳ-ವ್ಯಕ್ತಿಗಳಿಂದ ದೂರ ಸರಿಯುವಿಕೆ ಮುಂದುವರಿದರೆ ಮನೋವೈದ್ಯರನ್ನು ಕಾಣುವುದು ಒಳಿತು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಪ್ರಧಾನ ಕೇಂದ್ರವಾಗಿರುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು.